ಎರಡು ಎಕರೆ ಮಾರಿ ಕಾಲೇಜು ಸೇರಿಸಬೇಕೆ?

ಪ್ರಶ್ನೆ: ಸಿಇಟಿಯಲ್ಲಿ ಮಗಳಿಗೆ ಬಂದ ರ‍್ಯಾಂಕಿಗೆ ಬಳ್ಳಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಗುವಂತಿದೆ. ಬೆಂಗಳೂರಿನ ಹೆಸರುವಾಸಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿ ಎಂದು ಬಂಧುಗಳ ಒತ್ತಾಯ. ಅದಕ್ಕೆ ಎರಡು ಎಕರೆ ಗದ್ದೆ ಮಾರಬೇಕು. ಏನು ಮಾಡಲಿ?
– ಒಬ್ಬ ತಂದೆ, ಸಿಂಧನೂರು

ಉತ್ತರ: ಮಾನ್ಯರೇ, ಗದ್ದೆ ಮಾರಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ನೆಲ ಒಮ್ಮೆ ಕೈಬಿಟ್ಟರೆ ಮತ್ತೆ ಕೊಳ್ಳುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತು.

ದೊಡ್ಡ ಕಾಲೇಜುಗಳ ಹೆಸರು ಬಹುಮಟ್ಟಿಗೆ ಅಲ್ಲಿಗೆ ಸೇರುವ ಮಕ್ಕಳ ರ‍್ಯಾಂಕಿನಿಂದ ಬಂದದ್ದು. ಮೊದಲೇ ಚೆನ್ನಾಗಿ ಓದುವವರು ಸೇರುತ್ತಾರೆ, ಚೆನ್ನಾಗಿಯೇ ಪಾಸಾಗುತ್ತಾರೆ. ಅದರಲ್ಲಿ ಪಾಠದ ಪಾಲು ಎಷ್ಟೆಂದು ಫಲಿತಾಂಶದ ಫ್ಲೆಕ್ಸ್ ಹೇಳುವುದಿಲ್ಲ. ತಮ್ಮದೇ ಪಠ್ಯಕ್ರಮ ಇಟ್ಟುಕೊಳ್ಳುವ ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿ ಬಳ್ಳಾರಿಗೂ ಬೆಂಗಳೂರಿಗೂ ಪಠ್ಯಕ್ರಮ ಒಂದೇ, ಪರೀಕ್ಷೆಯೂ ಒಂದೇ. ಆದ್ದರಿಂದ ಪಾಠ ಮಾಡುವವರು ಯಾರು ಎಂಬುದನ್ನೇ ಮೊದಲು ವಿಚಾರಿಸಬೇಕು.

ಹಾಗೆಂದು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಬಳ್ಳಾರಿಗೂ ಸೇರಿಸಬೇಡಿ. ತರಗತಿ ನಡೆಯುವ ದಿನ ಮಗಳನ್ನು ಕರೆದುಕೊಂಡು ಹೋಗಿ ಪ್ರಯೋಗಾಲಯ ನೋಡಿ. ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಇದೆಯೋ, ಒಬ್ಬ ಕೀಲಿ ಒತ್ತುವಾಗ ಉಳಿದ ಮೂವರು ಬೆನ್ನ ಹಿಂದೆ ನಿಂತು ನೋಡುತ್ತಾರೋ? ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಇರಬೇಕೆಂಬುದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ನಿಯಮ. ಬೋಧಕರ ಪಟ್ಟಿ ಕಾಲೇಜಿನ ಜಾಲತಾಣದಲ್ಲಿ ಇರಬೇಕು. ಅದನ್ನು ಹಿಡಿದು ಕ್ಯಾಂಟೀನಿನಲ್ಲಿ ಎರಡನೆಯ ವರ್ಷದ ಮಕ್ಕಳನ್ನು ಮಾತನಾಡಿಸಿ: ಇವರಲ್ಲಿ ಯಾರು ನಿಜಕ್ಕೂ ತರಗತಿಗೆ ಬರುತ್ತಾರೆ, ಸೆಮಿಸ್ಟರ್ ನಡುವೆ ಯಾರು ಬಿಟ್ಟು ಹೋದರು? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಶ್ರೇಣಿ ಇಡೀ ಸಂಸ್ಥೆಗೆ ಕೊಡುವಂಥದ್ದು. ತಾಂತ್ರಿಕ ಕೋರ್ಸುಗಳನ್ನು ಪರಿಶೀಲಿಸುವ ಎನ್‌ಬಿಎ ಮಂಡಳಿಯ ಮಾನ್ಯತೆ ಒಂದೊಂದು ಕೋರ್ಸಿಗೆ ಬೇರೆಬೇರೆಯಾಗಿ ಸಿಗುವಂಥದ್ದು. ಕಂಪ್ಯೂಟರ್ ಸೈನ್ಸಿಗೆ ಆ ಮಾನ್ಯತೆ ಇದೆಯೇ ಎಂದೂ ಕೇಳಿ. ನಿಮ್ಮ ಪತ್ರದಲ್ಲಿ ಬಂಧುಗಳ ಮಾತೆಲ್ಲ ಇದೆ, ಮಗಳ ಮಾತು ಒಂದೂ ಇಲ್ಲ. ಪ್ರಶ್ನೆಗಳನ್ನು ಅವಳೇ ಕೇಳಲಿ, ನಾಲ್ಕು ವರ್ಷ ಅಲ್ಲಿ ಕೂರಬೇಕಾದವಳು ಅವಳು.

ನಿಮ್ಮ ಬಂಧುಗಳ ಒಂದು ಮಾತು ಸರಿ: ಕ್ಯಾಂಪಸ್ ಸಂದರ್ಶನಕ್ಕೆ ಕಂಪನಿಗಳು ಬೆಂಗಳೂರಿನ ಕಾಲೇಜುಗಳಿಗೆ ಹೆಚ್ಚಾಗಿ ಬರುತ್ತವೆ. ಆದರೆ ಅಲ್ಲಿಗೆ ಹೋಗಲು ಹಣ ಸುರಿಯುವುದೊಂದೇ ದಾರಿಯಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿ ರಾಯಚೂರು, ಬಳ್ಳಾರಿ ಸೇರಿದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗೆ ಶೇ 8 ಮೀಸಲಾತಿ ಇದೆ. ಸಿಇಟಿ ಅರ್ಜಿಯಲ್ಲಿ ಅದನ್ನು ನಮೂದಿಸಿ ಪ್ರಮಾಣಪತ್ರ ಮಾಡಿಸಿದ್ದೀರಾ, ನೋಡಿಕೊಳ್ಳಿ. ಹಿಂದಿನ ವರ್ಷದ ಕಟಾಫ್ ರ‍್ಯಾಂಕ್‌ಗಳು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತವೆ. ಆಸೆಯಿದ್ದರೆ, ಬೇಕಾದ ಕಾಲೇಜುಗಳನ್ನು ಆದ್ಯತೆಯಂತೆ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಬೆಂಗಳೂರಿನ ಕಾಲೇಜುಗಳನ್ನು ಮೇಲೆ ಹಾಕಿ, ಬಳ್ಳಾರಿಯನ್ನು ಕೆಳಗೆ ಇಡಿ. ಸೀಟು ಹಂಚಿಕೆ ಮುಗಿಯುವವರೆಗೆ ಯಾವ ದಲ್ಲಾಳಿಗೂ ಮುಂಗಡ ಕೊಡಬೇಡಿ.

– ಸಂಪಾದಕ