‘ನೀರಿಗೆ ನೀಲಿ ಬಳಿಯಿರಿ’ ಎಂದು ಬರೆದವರಿಗೆ

ನಮಸ್ಕಾರ.

ಬೇಗ ಒಣಗುವ ಅಕ್ರಿಲಿಕ್ ಬಣ್ಣದಲ್ಲಿ ನೀರು ಮತ್ತು ಪ್ರತಿಬಿಂಬ ಬಿಡಿಸುವುದನ್ನು ಹೊಸಬರಿಗೆ ಹೇಳಿಕೊಡುವ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಬಾದಾಮಿಯ ಅಗಸ್ತ್ಯ ತೀರ್ಥ ಕೆರೆ ಮತ್ತು ಭೂತನಾಥ ದೇವಾಲಯವನ್ನು ಮಾದರಿಗೆ ಆರಿಸಿಕೊಂಡಿದ್ದೀರಿ. ಪ್ರತಿಬಿಂಬ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕೆಂಪು ಮರಳುಗಲ್ಲಿನ ಬೆಟ್ಟ, ನೀರಿನಂಚಿನ ಗುಡಿ, ಹಸಿರು ಛಾಯೆಯ ನೀರು, ಎಲ್ಲವೂ ಅಲ್ಲಿದೆ. ಆದರೆ ನೀವು ಅದನ್ನು ನೋಡಿ ಬರೆದಂತೆ ಕಾಣುವುದಿಲ್ಲ. ‘ಮೊದಲು ನೀರಿಗೆ ನೀಲಿ ಬಳಿಯಿರಿ’ ಎನ್ನುತ್ತೀರಿ. ಜೊತೆಗಿಟ್ಟ ನಿಮ್ಮದೇ ಫೋಟೋ ನೋಡಿ: ಬೆಟ್ಟದ ಪ್ರತಿಬಿಂಬ ಮೂಡಿದ ಕಡೆ ನೀರು ಇಟ್ಟಿಗೆ ಬಣ್ಣಕ್ಕಿದೆ, ನಮ್ಮ ಕಾಲ ಬುಡದಲ್ಲಿ ಕಡು ಹಸಿರು, ಆಕಾಶ ಕಾಣುವ ಒಂದು ಪಟ್ಟಿಯಲ್ಲಿ ಮಾತ್ರ ಮಸುಕು ನೀಲಿ. ಹತ್ತಿರದ ನೀರನ್ನು ನಾವು ಮೇಲಿನಿಂದ ನೋಡುತ್ತೇವೆ, ಹಾಗಾಗಿ ನೀರಿನ ಒಳಗಿನ ಬಣ್ಣ ಕಾಣುತ್ತದೆ. ದೂರ ಹೋದಂತೆ ನೋಟ ಓರೆಯಾಗಿ, ನೀರು ಕನ್ನಡಿಯಾಗುತ್ತದೆ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಮೊದಲ ಪುಟದಲ್ಲಿರುವ, ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ತಾವರೆ ಕೊಳಗಳ ವರ್ಣನೆಯನ್ನು ಪೂರ್ತಿ ತೆಗೆಯಿರಿ. ಅವನು ತೀರಿಕೊಂಡದ್ದು 1926ರಲ್ಲಿ. ಅಕ್ರಿಲಿಕ್ ಕಲಾವಿದರ ಕೈಗೆ ಬಂದದ್ದು 20ನೇ ಶತಮಾನದ ನಡುಭಾಗದಲ್ಲಿ. ಅವನದು ಎಣ್ಣೆ ಬಣ್ಣ, ದಿನಗಟ್ಟಲೆ ಹಸಿಯಾಗಿರುತ್ತದೆ. ಅದನ್ನು ಓದಿ ಅಕ್ರಿಲಿಕ್‌ನಲ್ಲಿ ಹಾಗೇ ಬೆರೆಸಲು ಹೋದವರು ಹತ್ತು ನಿಮಿಷದಲ್ಲಿ ಸೋಲುತ್ತಾರೆ.

ನಿಮ್ಮ ದೊಡ್ಡ ತಪ್ಪು ನಾಲ್ಕನೇ ಹಂತದಲ್ಲಿದೆ: ‘ಮೇಲಿನ ಚಿತ್ರವನ್ನು ಟ್ರೇಸ್ ಮಾಡಿ ತಲೆಕೆಳಗಾಗಿಸಿ.’ ಪ್ರತಿಬಿಂಬವನ್ನು ಅಳೆಯಬೇಕಾದದ್ದು ನೀರಿನ ಮಟ್ಟದಿಂದ, ವಸ್ತುವಿನ ಬುಡದಿಂದಲ್ಲ. ಚಿತ್ರದಲ್ಲಿ ನೀರಿನ ಅಂಚಿನ ಕಲ್ಲಿನ ಕಟ್ಟೆ 2 ಸೆಂ.ಮೀ., ಅದರ ಮೇಲಿನ ಮಂಟಪ 6 ಸೆಂ.ಮೀ. ಇದ್ದರೆ, ನೀರಿನಲ್ಲಿ ಮೊದಲು 2 ಸೆಂ.ಮೀ. ಕಟ್ಟೆ, ಆಮೇಲೆ ಮಂಟಪ. ಹೊಸಬರು ಕಟ್ಟೆಯನ್ನು ಮರೆತು ಮಂಟಪವನ್ನೇ ಅಂಚಿಗೆ ಅಂಟಿಸುತ್ತಾರೆ, ಗುಡಿ ತೇಲಿದಂತೆ ಕಾಣುತ್ತದೆ. ಹಿಂದಿನ ಬೆಟ್ಟದ ವಿಷಯ ಇನ್ನೂ ಸೂಕ್ಷ್ಮ. ನೀರು ತೋರಿಸುವುದು ನೀರಿನ ಮಟ್ಟಕ್ಕಿಂತ ಕೆಳಗಿನಿಂದ ಕಂಡ ನೋಟವನ್ನು. ಆದ್ದರಿಂದ ಪ್ರತಿಬಿಂಬದಲ್ಲಿ ಮುಂದಿನ ಗುಡಿ ಹಿಂದಿನ ಬೆಟ್ಟವನ್ನು ಹೆಚ್ಚು ಮರೆಮಾಡುತ್ತದೆ, ಗುಡಿಯ ಚಾವಣಿಯಂಚಿನ ಕೆಳಭಾಗವೂ ಹೆಚ್ಚು ಕಾಣುತ್ತದೆ. ಟ್ರೇಸ್ ಮಾಡಿದರೆ ಇದೆರಡೂ ತಪ್ಪುತ್ತದೆ. ಈ ಭಾಗಕ್ಕೆ ಒಂದು ಇಡೀ ಪುಟ ಕೊಡಿ, ಪೆನ್ಸಿಲ್ ರೇಖಾಚಿತ್ರ ಸಹಿತ.

ಬಣ್ಣದ ಗಾಢತೆ ಬಗ್ಗೆ ‘ಸ್ವಲ್ಪ ಮಂಕಾಗಿರಲಿ’ ಎಂದು ಮುಗಿಸಿದ್ದೀರಿ. ಅರ್ಧ ಮಾತ್ರ ಸರಿ. ಬಿಸಿಲು ಬಿದ್ದ ಗೋಡೆ ನೀರಿನಲ್ಲಿ ಮಂಕಾಗುತ್ತದೆ, ಏಕೆಂದರೆ ಬೆಳಕಿನ ಒಂದು ಪಾಲು ನೀರೊಳಗೆ ಇಳಿದುಹೋಗುತ್ತದೆ. ಮಂಟಪದೊಳಗಿನ ಕತ್ತಲೆ ಮಾತ್ರ ನೀರಿನಲ್ಲಿ ತಿಳಿಯಾಗುತ್ತದೆ. ನೀರಿನಲ್ಲಿರುವ ಕಣಗಳಿಂದ ಚದುರಿದ ಹಸಿರು ಬೆಳಕು ಅದರ ಮೇಲೆ ಸೇರುತ್ತದೆ. ಬೆರಕೆಯನ್ನೂ ಹೇಳಿ: ಬೆಟ್ಟಕ್ಕೆ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಚೂರು ಬಿಳಿ. ಪ್ರತಿಬಿಂಬಕ್ಕೆ ಅದೇ ಬೆರಕೆಗೆ ಸ್ಯಾಪ್ ಗ್ರೀನ್, ಸೂಜಿಮೊನೆಯಷ್ಟು ಅಲ್ಟ್ರಾಮರೀನ್. ಥ್ಯಾಲೋ ಬ್ಲೂ ಬೇಡ, ಅದರ ಒಂದು ಹನಿ ಇಡೀ ಪ್ಯಾಲೆಟ್ಟನ್ನು ನುಂಗುತ್ತದೆ. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುವುದನ್ನು ನೀವು ಹೇಳಿಯೇ ಇಲ್ಲ. ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುವ ಬೈಂಡರ್ (ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು) ಒಣಗಿ ಪಾರದರ್ಶಕವಾಗುವುದೇ ಕಾರಣ. ಕಾಗದದ ತುಂಡಿನ ಮೇಲೆ ಹಚ್ಚಿ, ಒಣಗಿಸಿ ನೋಡಿದ ಮೇಲೆಯೇ ಕ್ಯಾನ್ವಾಸ್ ಮುಟ್ಟಲು ಹೇಳಿ.

ಬಣ್ಣ ಹಚ್ಚುವ ಕ್ರಮ ನಿಮ್ಮ ಲೇಖನದಲ್ಲಿ ಒಂದೇ ವಾಕ್ಯ: ‘ನೈಜವಾಗಿ ಕಾಣುವಂತೆ ಮೃದುವಾಗಿ ಬೆರೆಸಿ.’ ಓದುಗರಿಗೆ ಬೇಕಿರುವುದು ಹೀಗೆ. ನೀರಿನ ಮೂಲ ಬಣ್ಣವನ್ನು ಒಂದು ಇಂಚಿನ ಫ್ಲಾಟ್ ಬ್ರಷ್ಷಿನಿಂದ ಅಡ್ಡಡ್ಡ ಹಚ್ಚಿ, ಪೂರ್ತಿ ಒಣಗಲು ಬಿಡಬೇಕು. ಆಮೇಲೆ ಸ್ಪ್ರೇ ಬಾಟಲಿಯಿಂದ ನೀರನ್ನು ಮಂಜಿನಂತೆ ಸಿಂಪಡಿಸಿ, ಒಂದು ಸಲಕ್ಕೆ ಅಂಗೈಯಗಲ ಜಾಗ ಮಾತ್ರ ಹಿಡಿದು, ಪ್ರತಿಬಿಂಬದ ಬಣ್ಣವನ್ನು ಮೇಲಿನಿಂದ ಕೆಳಗೆ ಎಳೆಯಬೇಕು. ಬಣ್ಣ ಹಸಿಯಾಗಿರುವಾಗಲೇ, ತೊಳೆದು ಬಟ್ಟೆಗೆ ಒತ್ತಿದ ಇನ್ನೊಂದು ಫ್ಲಾಟ್ ಬ್ರಷ್ಷನ್ನು ಎಡದಿಂದ ಬಲಕ್ಕೆ, ಚೂರೂ ಭಾರ ಬಿಡದಷ್ಟು ಹಗುರವಾಗಿ, ಒಂದೇ ಸಲ ಎಳೆಯಬೇಕು. ಅಂಟಂಟಾಗಿದೆ ಎನಿಸಿದರೆ ಕೈ ಎತ್ತಿಬಿಡಬೇಕು. ಅರೆ ಒಣಗಿದ ಪದರದ ಮೇಲೆ ಬ್ರಷ್ ಆಡಿಸಿದರೆ ಬಣ್ಣ ಕಿತ್ತುಬಂದು ಕೆಳಗಿನ ಪದರ ಇಣುಕುತ್ತದೆ. ಹಾಗಾದರೆ ಒಣಗಿಸಿ, ಅದೇ ಜಾಗದಲ್ಲಿ ಮತ್ತೆ ಮಾಡುವುದೊಂದೇ ದಾರಿ. ಬಣ್ಣ ಬೇಗ ಒಣಗದಂತೆ, ಕೋಣೆಯ ಫ್ಯಾನ್ ನಿಲ್ಲಿಸಿ ಕೂರಬೇಕೆಂದು ಮರೆಯದೆ ಬರೆಯಿರಿ. ನಮ್ಮ ಬೇಸಿಗೆಯಲ್ಲಿ ಆ ಒಂದು ಮಾತು ಎಷ್ಟೋ ಚಿತ್ರಗಳನ್ನು ಉಳಿಸುತ್ತದೆ.

ಬಣ್ಣ ತೆಳು ಮಾಡಲು ‘ಧಾರಾಳವಾಗಿ ನೀರು’ ಎಂದದ್ದನ್ನು ತಿದ್ದಿ. ನೀರು ಅತಿಯಾದರೆ ಬೈಂಡರ್ ಸಾಲದೆ ಪದರ ದುರ್ಬಲವಾಗುತ್ತದೆ, ಅಂಚುಗಳಲ್ಲಿ ಕಲೆ ಕಟ್ಟುತ್ತದೆ. ಒಂದು ಪಾಲು ಬಣ್ಣಕ್ಕೆ ಎಂಟು ಪಾಲು ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ಪಾರದರ್ಶಕವಾಗಿಸುವ ದ್ರವ) ಹಾಕಿ, ಒಣಗಿದ ಪ್ರತಿಬಿಂಬದ ಮೇಲೆ ಹಸಿರಿನ ತೆಳು ಪದರ, ಅಂದರೆ ಗ್ಲೇಜ್, ಎಳೆದರೆ ಗುಡಿ ನೀರೊಳಗೆ ಹೋಗಿ ಕೂರುತ್ತದೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಸೂಚಿಸುವುದಾದರೆ ಅದು ಹೆಚ್ಚಾದರೆ ಬಣ್ಣ ಅಂಟಾಗಿಯೇ ಉಳಿಯುತ್ತದೆಂದೂ ಹೇಳಿ.

ಅಲೆಗಳ ಬಗ್ಗೆ ನಿಮ್ಮ ಪ್ಯಾರಾ ಚೆನ್ನಾಗಿದೆ. ಹತ್ತಿರದಲ್ಲಿ ಅಗಲ, ದೂರಕ್ಕೆ ಹೋದಂತೆ ಕಿರಿದು, ಒತ್ತೊತ್ತಾಗಿ ಎಂದದ್ದು ಸರಿ. ಅದನ್ನು ಹಾಗೇ ಉಳಿಸಿಕೊಳ್ಳಿ. ಆದರೆ ಕೊನೆಗೆ ಎಲ್ಲ ಅಲೆಯ ಮೇಲೂ ಬಿಳಿ ಗೆರೆ ಎಳೆಸಿದ್ದೀರಿ. ಬರೀ ಟೈಟಾನಿಯಂ ವೈಟ್ ಸುಣ್ಣದಂತೆ ಮೇಲೆಯೇ ಕೂರುತ್ತದೆ. ಅದಕ್ಕೆ ಆಕಾಶದ ಬಣ್ಣ ಬೆರೆಸಿ, ಗಾಳಿ ತಾಗಿದ ಒಂದು ಪಟ್ಟಿ ಪ್ರತಿಬಿಂಬವನ್ನು ಅಡ್ಡಕ್ಕೆ ತುಂಡರಿಸುವಂತೆ ಎಳೆದರೆ ಸಾಕು. ಹೊಳಪಿನ ಚುಕ್ಕೆಗಳು ಮೂರೋ ನಾಲ್ಕೋ, ಅದೂ ಕಡುಬಣ್ಣದ ಪಕ್ಕದಲ್ಲಿ.

ತಿದ್ದಿ ಕಳಿಸುವಾಗ ಮುಗಿದ ಚಿತ್ರವೊಂದೇ ಸಾಲದು. ಮೂಲ ಬಣ್ಣ, ಎಳೆದ ಪ್ರತಿಬಿಂಬ, ಗ್ಲೇಜ್ ಆದ ಮೇಲೆ, ಹೀಗೆ ಮೂರು ಹಂತದ ಫೋಟೋಗಳು ಬೇಕು. ಕಿತ್ತುಬಂದ ಪದರದ ಒಂದು ಫೋಟೋ ಸಿಕ್ಕರೆ ಅದನ್ನೂ ಕಳಿಸಿ. ಫ್ಲಾಶ್ ಹಾಕಬೇಡಿ, ಅಕ್ರಿಲಿಕ್ ಮಿನುಗಿ ಬಣ್ಣವೇ ಕಾಣುವುದಿಲ್ಲ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ತೆಗೆಯಿರಿ.

ಇಂತಿ,
ಸಂಪಾದಕರು