ಕೋಳಿಯ ಕೆಂಪು ನುಸಿಗೆ ಲಸಿಕೆ ಇದೆಯಾ?

ಪ್ರಶ್ನೆ: ನಮ್ಮ ಕೋಳಿಗೂಡಲ್ಲಿ ರಕ್ತ ಕುಡಿಯುವ ಕೆಂಪು ನುಸಿ ಜಾಸ್ತಿಯಾಗಿದೆ. ಔಷಧಿ ಹೊಡೆದರೂ ಮತ್ತೆ ಬರುತ್ತದೆ. ಕೊಕ್ಕರೆ ರೋಗಕ್ಕೆ ಹಾಕಿಸುವ ಹಾಗೆ ಇದಕ್ಕೂ ಲಸಿಕೆ ಹಾಕಿಸಬಹುದಾ?
– ಓದುಗರೊಬ್ಬರು, ಶಿರಾ

ಉತ್ತರ: ಸದ್ಯಕ್ಕೆ ಅಂಗಡಿಯಲ್ಲಿ ಸಿಗುವಂಥ ಲಸಿಕೆ ಇಲ್ಲ. ಕೊಕ್ಕರೆ ರೋಗದ ವೈರಸ್ ಕೋಳಿಯ ಮೈಯೊಳಗೇ ಬೆಳೆಯುತ್ತದೆ, ಹಾಗಾಗಿ ರಕ್ತದ ಪ್ರತಿಕಾಯಗಳ (ರೋಗದ ವಿರುದ್ಧ ಮೈ ತಾನೇ ತಯಾರಿಸುವ ರಕ್ಷಕ ಪ್ರೋಟೀನುಗಳ) ಕೈಗೆ ಸಿಕ್ಕಿಬೀಳುತ್ತದೆ. ಈ ನುಸಿ ಭಾರಿ ಕಿಲಾಡಿ. ಹಗಲೆಲ್ಲ ಗೂಡಿನ ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರಿ, ಮತ್ತೆ ಬಿರುಕಿಗೇ ಓಡುತ್ತದೆ. ಅದಕ್ಕೇ ವಿಜ್ಞಾನಿಗಳ ಲೆಕ್ಕಾಚಾರ ಬೇರೆ: ನುಸಿಯ ಪ್ರೋಟೀನನ್ನು ಕೋಳಿಗೆ ಚುಚ್ಚಿದರೆ ಪ್ರತಿಕಾಯ ಹುಟ್ಟುತ್ತದೆ, ನುಸಿ ಅದನ್ನು ರಕ್ತದ ಜೊತೆಗೇ ಕುಡಿದು ಒಳಗಿನಿಂದ ಹಾಳಾಗಬೇಕು. ಸುಮ್ನೆ ಕಲ್ಪನೆಯಲ್ಲ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲೇ ದನದ ಮೈಗೆ ಅಂಟಿ ರಕ್ತ ಹೀರುವ ಉಣ್ಣಿಗೆ ಇಂಥ ಲಸಿಕೆ ಬಂದಿತ್ತು.

ಸ್ಕಾಟ್ಲೆಂಡಿನ ಮೊರೆಡನ್ ಸಂಶೋಧನಾ ಸಂಸ್ಥೆಯವರು ನುಸಿಗಳನ್ನೇ ಅರೆದು ತೆಗೆದ ಸಾರವನ್ನು ಮೊಟ್ಟೆ ಕೋಳಿಗಳಿಗೆ ಕೊಟ್ಟಾಗ ನುಸಿಗಳ ಸಂಖ್ಯೆ ಸುಮಾರು 78% ಇಳಿಯಿತು. ಆದರೆ ಲಕ್ಷಾಂತರ ಕೋಳಿಗಳಿಗೆ ಬೇಕಾಗುವಷ್ಟು ನುಸಿ ಹಿಡಿದು ಅರೆಯೋದು ಆಗೋ ಕೆಲಸವಲ್ಲ, ಅಲ್ವಾ? ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರೋಟೀನು ಅದೇ ಪರೀಕ್ಷೆಯಲ್ಲಿ ಕೈಕೊಟ್ಟಿತು. ನನ್ನ ಪ್ರಕಾರ ನಿಜವಾದ ಗಂಟು ಇರೋದು ಇಲ್ಲೇ.

ಈಗ ನೀವು ಮಾಡಬೇಕಾದ್ದು: ಬಿರುಕು ಮುಚ್ಚಿ, ಕೋಳಿ ಕೂರುವ ಕೋಲಿನ ತುದಿಗಳನ್ನು ರಾತ್ರಿ ಟಾರ್ಚ್ ಹಿಡಿದು ನೋಡಿ, ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಹೊಡೆಯಿರಿ. 2017ರಲ್ಲಿ ಯುರೋಪಿನಲ್ಲಿ ಇದೇ ನುಸಿಗೆ ಫಿಪ್ರೊನಿಲ್ ಎಂಬ ಕೀಟನಾಶಕ ಬಳಸಿ, ಅದು ಮೊಟ್ಟೆಗೆ ಸೇರಿ, ಲಕ್ಷಗಟ್ಟಲೆ ಮೊಟ್ಟೆ ವಾಪಸ್ ಪಡೆಯಬೇಕಾಯಿತು.