ಇಂಟಿಗ್ರೇಷನ್ ಹೋಂವರ್ಕ್‌ನಲ್ಲಿ ಉತ್ತರ ತಾಳೆಯಾಗದಿದ್ದರೆ ಯಾರನ್ನು ಕೇಳಲಿ?

ಸೈನ್ ಎಕ್ಸ್ ಇಂಟು ಕಾಸ್ ಎಕ್ಸ್ ಇಂಟಿಗ್ರೇಟ್ ಮಾಡಿದಾಗ ನಿಮಗೆ ಸೈನ್ ಸ್ಕ್ವೇರ್ ಎಕ್ಸ್‌ನ ಅರ್ಧ ಬಂತು, ಪುಸ್ತಕದ ಹಿಂದೆ ಮಾತ್ರ ಮೈನಸ್ ಕಾಸ್ ಸ್ಕ್ವೇರ್ ಎಕ್ಸ್‌ನ ಅರ್ಧ ಇದೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ಎಲ್ಲೂ ತಪ್ಪಿಲ್ಲ! ಸೈನ್ ಸ್ಕ್ವೇರಿಗೆ ಕಾಸ್ ಸ್ಕ್ವೇರ್ ಕೂಡಿಸಿದರೆ 1 ಅಲ್ವಾ? ಹಾಗಾಗಿ ಎರಡು ಉತ್ತರಗಳಿಗೂ ಇರುವ ವ್ಯತ್ಯಾಸ ಬರೀ ಅರ್ಧ. ಅದು ಕೊನೆಯಲ್ಲಿ ಬರೆಯುವ ಸಿ ಒಳಗೆ, ಅಂದರೆ ಯಾವ ಸಂಖ್ಯೆ ಬೇಕಾದರೂ ಆಗಬಹುದಾದ ಸ್ಥಿರಾಂಕದ ಒಳಗೆ, ಸೇರಿಹೋಗುತ್ತದೆ.

ಇಂಟಿಗ್ರೇಷನ್‌ನಲ್ಲಿ ಒಂದು ಅನುಕೂಲ ಇದೆ, ಉತ್ತರ ಸರಿಯೋ ಅಲ್ಲವೋ ಅಂತ ಯಾರನ್ನೂ ಕೇಳಬೇಕಿಲ್ಲ. ಬಂದದ್ದನ್ನು ವಾಪಸ್ ಡಿಫರೆನ್ಷಿಯೇಟ್ ಮಾಡಿ, ಮೊದಲಿನ ಲೆಕ್ಕ ಸಿಕ್ಕರೆ ಮುಗೀತು. ಡಿಫರೆನ್ಷಿಯಲ್ ಈಕ್ವೇಷನ್ನಿಗೂ ಇದೇ ಉಪಾಯ, ಸಿಕ್ಕಿದ ವೈಯನ್ನು ಈಕ್ವೇಷನ್ ಒಳಗೇ ಹಾಕಿ ನೋಡುವುದು. ನಾನು ಇದನ್ನು ಮಾಡದೆ ತುಂಬಾ ದಿನ ಒಂದೇ ತಪ್ಪು ಮಾಡುತ್ತಿದ್ದೆ. ಡಿವೈ ಬೈ ಡಿಎಕ್ಸ್ ಈಕ್ವಲ್ ಟು 2ಎಕ್ಸ್‌ವೈ ಅಂತ ಕೊಟ್ಟಿದ್ದರೆ, ವೈಗಳನ್ನು ಒಂದು ಕಡೆ ಎಕ್ಸ್‌ಗಳನ್ನು ಇನ್ನೊಂದು ಕಡೆ ತಂದು, ಇಂಟಿಗ್ರೇಟ್ ಮಾಡಿ, ಲಾಗ್ ಎಲ್ಲಾ ತೆಗೆದು, ಆಮೇಲೆ ನೆನಪಾಗಿ ಕೊನೆಗೆ ಸುಮ್ನೆ ಒಂದು ಪ್ಲಸ್ ಸಿ ಅಂಟಿಸುತ್ತಿದ್ದೆ. ಆದರೆ ಸಿ ಬರಬೇಕಾದ್ದು ಇಂಟಿಗ್ರೇಟ್ ಮಾಡಿದ ಸಾಲಿನಲ್ಲೇ. ಅಲ್ಲಿ ಹಾಕಿದರೆ ಲಾಗ್ ತೆಗೆಯುವಾಗ ಅದು ಗುಣಾಕಾರವಾಗಿ ಹೊರಗೆ ಬರುತ್ತದೆ, ಅಂದರೆ ಉತ್ತರ ಸಿ ಇಂಟು ಇ ಪವರ್ ಎಕ್ಸ್ ಸ್ಕ್ವೇರ್. ನನ್ನ ಪ್ಲಸ್ ಸಿ ಉತ್ತರವನ್ನು ಈಕ್ವೇಷನ್‌ಗೆ ಹಾಕಿದ್ದರೆ ಬಲಗಡೆ 2ಎಕ್ಸ್ ಇಂಟು ಸಿ ಅನ್ನುವುದೊಂದು ಹೆಚ್ಚಾಗಿ ಉಳಿದು ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹಾಗೂ ಕೇಳಲೇಬೇಕಾದರೆ ಇಡೀ ಲೆಕ್ಕ ಕೊಟ್ಟು ಬಿಡಿಸಿಕೊಡಿ ಅನ್ನಬೇಡಿ. ನೀವು ಬರೆದ ಸಾಲುಗಳನ್ನೆಲ್ಲ ಹಾಕಿ, ಯಾವ ಸಾಲಿನಲ್ಲಿ ನಿಂತಿರಿ ಅಂತ ತೋರಿಸಿ. ಬೈ ಪಾರ್ಟ್ಸ್, ಅಂದರೆ ಗುಣಾಕಾರವನ್ನು ಯು ಮತ್ತು ಡಿವಿ ಅಂತ ಎರಡು ಭಾಗ ಮಾಡಿ ಇಂಟಿಗ್ರೇಟ್ ಮಾಡುವಾಗ, ಯು ಯಾವುದು ಅಂತ ಆರಿಸಿದ್ದೇ ಎಡವಟ್ಟಾಗಿದ್ದರೆ, ನೋಡಿದವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಲೆಕ್ಕ ಬಿಡಿಸಿಕೊಡುವ ವುಲ್ಫ್ರಾಮ್ ಆಲ್ಫಾ ವೆಬ್‌ಸೈಟ್‌ಗೆ ಹಾಕಿಯೂ ನೋಡಬಹುದು, ಆದರೆ ಅದು ಕೊಡುವ ಉತ್ತರದ ರೂಪ ಎಷ್ಟೋ ಸಲ ನಿಮ್ಮದರ ಹಾಗೆ ಕಾಣುವುದಿಲ್ಲ, ಆಗ ಮತ್ತೆ ಇದೇ ಗೊಂದಲ.

ಹಾಂ, ನೀವು ಕೇಳಿದ ಎರಡನೇ ಲೆಕ್ಕ, ಬರೀ ಇ ಪವರ್ ಎಕ್ಸ್ ಸ್ಕ್ವೇರ್ ಇಂಟಿಗ್ರೇಟ್ ಮಾಡುವುದು. ಅದರ ಜೊತೆ ತಲೆ ಚಚ್ಚಿಕೊಳ್ಳಬೇಡಿ. ನಮಗೆ ಗೊತ್ತಿರುವ ಸೈನ್, ಲಾಗ್, ಪವರ್‌ಗಳಲ್ಲಿ ಅದಕ್ಕೆ ಉತ್ತರ ಬರೆಯಲು ಆಗುವುದೇ ಇಲ್ಲ, ಲಿಯುವಿಲ್ ಅನ್ನುವ ಫ್ರೆಂಚ್ ಗಣಿತಜ್ಞ 1830ರ ದಶಕದಲ್ಲಿ ಮಾಡಿದ ಕೆಲಸದಿಂದಲೇ ಇದು ಗೊತ್ತಾಗಿದೆ. ಮುಂದೆ ಒಂದು ಎಕ್ಸ್ ಇದ್ದಿದ್ದರೆ ಸಬ್‌ಸ್ಟಿಟ್ಯೂಷನ್‌ನಲ್ಲಿ ಎರಡೇ ಸಾಲು. ಪ್ರಶ್ನೆ ಇಳಿಸಿಕೊಳ್ಳುವಾಗ ಆ ಎಕ್ಸ್ ಬಿಟ್ಟುಹೋಯಿತಾ, ಒಮ್ಮೆ ನೋಡಿ.